ಸಮಾಲೋಚಕರ ಜತೆಗಿನ ಹೊಂದಾಣಿಕೆ, ವ್ಯಸನಮುಕ್ತಿ ಕೇಂದ್ರದಲ್ಲಿ ಉಳಿಯುವುದು: ಪರೀಕ್ಷೆಗೆ ಮೊದಲು ಓದಿಕೊಳ್ಳಲು

ಮನೋವಿಜ್ಞಾನಿ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಚಿಕಿತ್ಸಾ ಹೊಂದಾಣಿಕೆಯನ್ನು, ಅಂದರೆ ಚಿಕಿತ್ಸೆಗೆ ಬಂದವನೂ ಸಮಾಲೋಚಕರೂ ಕೂಡಿ ಸಾಗುವುದನ್ನು, ಮೂರಾಗಿ ಬಿಡಿಸಿದರು: ಗುರಿ (ಏನು ಸಾಧಿಸಬೇಕು), ಕೆಲಸ (ಅದಕ್ಕೆ ಏನು ಮಾಡಬೇಕು), ನಂಟು (ಇಬ್ಬರ ನಡುವಿನ ನಂಬಿಕೆ). ನಾವೆಲ್ಲ ನಂಟನ್ನಷ್ಟೇ ನೆನಪಿಟ್ಟು ಉತ್ತರ ಬರೆಯುತ್ತೇವೆ. ಆದರೆ ವ್ಯಸನಮುಕ್ತಿ ಕೇಂದ್ರದಲ್ಲಿ ಮೊದಲು ಕೈಕೊಡುವುದು ಹೆಚ್ಚಾಗಿ ಗುರಿ. ತೋಟದ ಲೈನ್ ಮನೆಯಿಂದ (ಕಾರ್ಮಿಕರ ಸಾಲುಮನೆ) ಹೆಂಡತಿ ಕರೆತಂದ ಕಾರ್ಮಿಕನಿಗೆ ಬೇಕಾದದ್ದು ಕೈನಡುಕ ನಿಂತು, ನಿದ್ದೆ ಬಂದು, ಕಾಫಿ ಕೊಯ್ಲಿಗೆ ಹೋಗುವುದು. ಸಮಾಲೋಚಕರ ಕಡತದಲ್ಲಿ ‘ಪೂರ್ಣ ಮದ್ಯವರ್ಜನೆ’ ಎಂದಿರುತ್ತದೆ. ಇಬ್ಬರೂ ಚೆನ್ನಾಗಿ ಮಾತಾಡಿಕೊಂಡೇ ಇರುತ್ತಾರೆ, ನಡುಕ ನಿಂತ ಮೇಲೆ ಆತ ಗಂಟು ಕಟ್ಟಿ ಹೊರಡುತ್ತಾನೆ.

ಈ ಹೊಂದಾಣಿಕೆಯನ್ನು ಅಳೆಯುವ ಪ್ರಶ್ನಾವಳಿಯ ಒಂದು ಕಿರು ರೂಪದಲ್ಲಿ 12 ಪ್ರಶ್ನೆ, ಮೂರು ಭಾಗಕ್ಕೆ ನಾಲ್ಕು ನಾಲ್ಕು, ಪ್ರತಿಯೊಂದಕ್ಕೂ 1ರಿಂದ 7 ಅಂಕ. ಒಟ್ಟು ಅಂಕ ನೋಡಿ ಮೋಸಹೋಗಬೇಡಿ. ನಂಟು 28, ಕೆಲಸ 12, ಗುರಿ 10 ಸೇರಿದರೂ 50. 17, 17, 16 ಸೇರಿದರೂ 50. ನಿಗಾ ಬೇಕಿರುವುದು ಗುರಿಯಲ್ಲಿ 10 ಬಂದ ಮೊದಲನೆಯವನಿಗೆ. ದಾಖಲಾದ ಕೂಡಲೇ ಪ್ರಶ್ನಾವಳಿ ಕೊಡಬಾರದು. ಕೊನೆಯ ಕುಡಿತದ 6ರಿಂದ 24 ಗಂಟೆಯೊಳಗೆ ನಡುಕ ಶುರು, 2ರಿಂದ 4ನೇ ದಿನ ಸನ್ನಿಯ ಅಪಾಯ. ಆ ಹೊತ್ತು ವೈದ್ಯರದ್ದು.

ಈಗ ತಲೆ ತಿನ್ನುವ ಭಾಗ. 2006ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ಮೂರು ವಸತಿ ಕೇಂದ್ರಗಳ 187 ಮಂದಿಯನ್ನು ಗಮನಿಸಿತು. ಹೊಂದಾಣಿಕೆಗೆ ಸಮಾಲೋಚಕರಿಂದ ಕಡಿಮೆ ಅಂಕ ಪಡೆದವರು ಬೇಗ ಹೊರಟುಹೋದರು. ಚಿಕಿತ್ಸೆಗೆ ಬಂದವರು ತಾವೇ ಕೊಟ್ಟ ಅಂಕದಿಂದ ಯಾರು ಉಳಿಯುತ್ತಾರೆಂದು ಹೇಳಲಾಗಲಿಲ್ಲ. ಬಿಟ್ಟುಹೋಗುವವನ ಮನಸ್ಸು ಅವನಿಗೇ ಚೆನ್ನಾಗಿ ಗೊತ್ತಿರಬೇಕಲ್ಲ? ಮೂರು ವಿವರಣೆ ಸಾಧ್ಯ. ಒಂದು, ಎಲ್ಲರೂ 6, 7 ಎಂದೇ ಗುರುತು ಹಾಕಿದರೆ ಅಂಕದಲ್ಲಿ ವ್ಯತ್ಯಾಸವೇ ಉಳಿಯದು. ವ್ಯತ್ಯಾಸವಿಲ್ಲದ ಅಂಕ ಏನನ್ನೂ ಮುನ್ಸೂಚಿಸದು. ಎರಡು, ಸಮಾಲೋಚಕರಿಗೆ ಹೋಲಿಸಿ ನೋಡಲು ಹಿಂದಿನ ಹತ್ತಾರು ಜನರಿದ್ದಾರೆ, ಬಂದವನಿಗೆ ಇಲ್ಲ. ಮೂರನೆಯದು ಕಹಿ: ‘ಇವನು ನಿಲ್ಲುವ ಗಿರಾಕಿಯಲ್ಲ’ ಎಂದುಕೊಂಡವರು ಅವನಿಗೆ ಸಮಯ ಕೊಡುವುದನ್ನೇ ಕಡಿಮೆ ಮಾಡಿರಬಹುದು. ಹಾಗಿದ್ದರೆ ಕಡಿಮೆ ಅಂಕವೇ ಅರ್ಧ ಕಾರಣ. ನನಗೆ ಮೂರನೆಯದನ್ನು ತಳ್ಳಿಹಾಕಲು ಮನಸ್ಸಿಲ್ಲ. ‘ರೋಗಿಯ ಅಭಿಪ್ರಾಯ ಬೇಡ’ ಎಂದು ಮಾತ್ರ ಬರೆಯಬೇಡಿ; ಉಳಿಯುವುದು ಬೇರೆ, ಗುಣವಾಗುವುದು ಬೇರೆ.

ಹೊಂದಾಣಿಕೆಯಲ್ಲಿ ಬೀಳುವ ಬಿರುಕು ಎರಡು ಬಗೆ: ಜಗಳ, ಹಿಂದೆ ಸರಿಯುವುದು. ಜಗಳ ಕಣ್ಣಿಗೆ ಬೀಳುತ್ತದೆ. ಹಿಂದೆ ಸರಿಯುವುದು ‘ಆಯ್ತು ಸಾರ್’ ಎಂಬ ರೂಪದಲ್ಲಿ ಬರುತ್ತದೆ, ಅದಕ್ಕೇ ತಪ್ಪಿಹೋಗುತ್ತದೆ. ‘ಎಲ್ಲ ಸರಿ ಇದೆಯಾ?’ ಎಂದರೆ ಸಿಗುವುದು ಮತ್ತೊಂದು ‘ಆಯ್ತು’. ‘ಇಲ್ಲಿ ಮಾಡಿಸೋದ್ರಲ್ಲಿ ಯಾವುದು ದಂಡ ಅನ್ನಿಸ್ತದೆ?’ ಎಂದು ಕೇಳಿ.

ಕೊಡಗಿನಲ್ಲಿ ಗುಟ್ಟಿನ ಪ್ರಶ್ನೆ ದೊಡ್ಡದು. ವಾರ್ಡಿನಲ್ಲಿ ಯಾರೋ ನೆಂಟರು, ಯಾರೋ ಅದೇ ತೋಟದವರು. ಮನೆಗೆ ಏನು ಹೇಳುತ್ತೇವೆ, ತೋಟದ ರೈಟರಿಗೆ (ಗುಮಾಸ್ತ) ಏನು ಹೇಳುವುದಿಲ್ಲ ಎಂಬುದನ್ನು ಮೊದಲ ಭೇಟಿಯಲ್ಲೇ ತಿಳಿಸಿ, ಎರಡಕ್ಕೂ ಬೇರೆಬೇರೆ ಒಪ್ಪಿಗೆ ಪಡೆಯಬೇಕು. ಹುತ್ತರಿ ಹಬ್ಬ, ಕೊಯ್ಲು ಹತ್ತಿರವಿದ್ದರೆ ಆ ಮಾತನ್ನೂ ದಾಖಲಾತಿಯಲ್ಲೇ ಎತ್ತಬೇಕು.

ತಾನಾಗಿ ದಾಖಲಾದವನು ಬಿಡುಗಡೆ ಕೇಳಿದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಬಿಡಬೇಕು. ನಿರ್ದಿಷ್ಟ ಕಾರಣಗಳಿದ್ದರೆ ಮಾತ್ರ ತಪಾಸಣೆಗೆಂದು 24 ಗಂಟೆ ತಡೆಯಬಹುದು. ಬೀಗ ಹಾಕಿ ಉಳಿಸಿಕೊಂಡ ದಿನಗಳನ್ನು ಹೊಂದಾಣಿಕೆಯ ಲೆಕ್ಕಕ್ಕೆ ಸೇರಿಸುವಂತಿಲ್ಲ. ಹೊರಡುತ್ತೇನೆ ಎಂದ ದಿನವೇ, ಅವನನ್ನು ನೋಡುತ್ತಿದ್ದ ಸಮಾಲೋಚಕರೇ ಕೂತು ಗುರಿಯ ನಾಲ್ಕು ಪ್ರಶ್ನೆಗಳನ್ನು ಮತ್ತೆ ಕೇಳಲಿ.