ಲಕ್ಷದ್ವೀಪದ ತಟ್ಟೆಗೆ ಅನ್ನ ಬಂದ ದಾರಿ

ಮಳೆಗಾಲ ಬಿಟ್ಟು ಬೇರೆ ದಿನಗಳಲ್ಲಿ ಮಂಗಳೂರಿನ ಹಳೆ ಬಂದರಿಗೆ ಹೋದರೆ ಮಂಜಿ ಅನ್ನುವ ಸರಕಿನ ಹಡಗುಗಳಿಗೆ ಲೋಡ್ ಆಗುವುದನ್ನು ನೋಡಬಹುದು. ಅಕ್ಕಿ, ಈರುಳ್ಳಿ, ತರಕಾರಿ, ಸಿಮೆಂಟು, ಎಲ್ಲ ಲಕ್ಷದ್ವೀಪಕ್ಕೆ. ಸುತ್ತ ಮೀನು, ತಲೆ ಮೇಲೆ ತೆಂಗು ಇರುವ ಊರಿಗೆ ಊಟದ ಸಾಮಾನು ಇಲ್ಲಿಂದ ಯಾಕೆ ಹೋಗಬೇಕು? ಹವಾಮಾನ ಬದಲಾವಣೆ ಅಂತ ಥಟ್ಟನೆ ಹೇಳಿಬಿಡಬಹುದು. ಆದರೆ ಕಥೆ ಅದಕ್ಕಿಂತ ತುಂಬಾ ಹಳೆಯದು.

ಜನ ವಾಸವಿರುವ ದ್ವೀಪಗಳು ಹತ್ತು. ಎಲ್ಲ ದ್ವೀಪ ಸೇರಿದರೂ ನೆಲ 32 ಚದರ ಕಿಲೋಮೀಟರ್ ಅಷ್ಟೆ, 2011ರ ಜನಗಣತಿಯಲ್ಲಿ 64 ಸಾವಿರ ಜನ. ನೆಲವೆಲ್ಲ ಹವಳದ ಮರಳು. ಹೊಳೆ ಇಲ್ಲ, ತೊರೆ ಇಲ್ಲ. ಇಂಗಿದ ಮಳೆನೀರು ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತಾ ನಿಲ್ಲುತ್ತದೆ, ಬಾವಿಯಲ್ಲಿ ಸಿಗುವುದು ಅದೇ. ಹಿಂದಿನವರು ಇದನ್ನು ಚೆನ್ನಾಗಿ ಅರಿತಿದ್ದರು. ಕೆಲವು ದ್ವೀಪಗಳ ಮಧ್ಯಭಾಗದಲ್ಲಿ ಹವಳದ ಗಟ್ಟಿ ಪದರ ಒಡೆದು, ತೇವದ ಮರಳು ಸಿಗುವವರೆಗೆ ಅಗೆದು, ಆ ತಗ್ಗಿನಲ್ಲಿ ಧಾನ್ಯ, ಗೆಡ್ಡೆ, ಬಾಳೆ ಬೆಳೆದರು. ಅದಕ್ಕೆ ತೋಟ್ಟಂ ಅನ್ನುತ್ತಿದ್ದರು, ನಮ್ಮ ತೋಟವೇ.

ಅಕ್ಕಿ ಮಾತ್ರ ಅಲ್ಲಿ ಬೆಳೆಯಲಿಲ್ಲ. ಅದು ಬಂದದ್ದು ತೆಂಗಿನ ನಾರಿನ ಲೆಕ್ಕದಲ್ಲಿ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ, ಈ ಅಮಿನ್‌ದಿವಿ ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದಿಂದ ಟಿಪ್ಪುವಿನ ಕೈಗೆ ಬಂದು, 1799ರ ನಂತರ ಇಂಗ್ಲಿಷರ ಪಾಲಾದವು. ಆಮೇಲೆ 1956ರ ಅಕ್ಟೋಬರ್ ಮುಗಿಯುವವರೆಗೆ ಅವು ದಕ್ಷಿಣ ಕನ್ನಡ ಜಿಲ್ಲೆಯ ಭಾಗ! ಶಾಲೆಯಲ್ಲಿ ಇದನ್ನು ಯಾರೂ ನಮಗೆ ಹೇಳಲಿಲ್ಲ. ನಾರಿನ ವ್ಯಾಪಾರ ಪೂರ್ತಿ ಸರ್ಕಾರದ ಕೈಯಲ್ಲಿತ್ತು. ಹೆಂಗಸರು ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ನೀರಲ್ಲಿ ಕೊಳೆಸಿ, ಬಡಿದು, ಹುರಿ ಮಾಡಿ ಕೊಟ್ಟರೆ ಸರ್ಕಾರ ತಾನೇ ಗೊತ್ತುಮಾಡಿದ ದರದಲ್ಲಿ ಅಕ್ಕಿ ಅಳೆದು ಕೊಡುತ್ತಿತ್ತು. ಹೀಗೆ ಸಂಬಳವಾಗಿ ಬಂದ ಅನ್ನ ಊಟವಾಗಿ ಉಳಿಯಿತು.

ಒಂದೇ ಮರ ನಂಬಿದರೆ ಏನಾಗುತ್ತದೆ ಅನ್ನುವುದು 1847ರಲ್ಲೇ ಗೊತ್ತಾಗಿತ್ತು. ಆ ವರ್ಷದ ಚಂಡಮಾರುತ ಕಲ್ಪೇನಿ, ಆಂದ್ರೋತ್‌ಗಳ ತೆಂಗನ್ನು ಉರುಳಿಸಿತು. ಅಲೆಗೆ ಕೊಚ್ಚಿಹೋದವರು ಒಂದಷ್ಟು ಜನ, ಆಮೇಲಿನ ತಿಂಗಳುಗಳಲ್ಲಿ ಹಸಿವು, ರೋಗಕ್ಕೆ ಸತ್ತವರು ಇನ್ನಷ್ಟು ಜನ.

ಮೀನಿನ ಕಥೆ ಸ್ವಲ್ಪ ಖುಷಿಯದು. ಗಾಳಕೋಲಿನಿಂದ ಟ್ಯೂನಾ ಹಿಡಿಯುವುದು ಮಿನಿಕಾಯ್‌ನವರ ಹಳೆಯ ಕಸುಬು. 1960ರ ದಶಕದಿಂದ ಯಾಂತ್ರಿಕ ದೋಣಿಗಳು ಬಂದು ಅದು ಬೇರೆ ದ್ವೀಪಗಳಿಗೂ ಹಬ್ಬಿತು. ಬಲೆಯ ಬದಲು ಕೋಲು, ಹಾಗಾಗಿ ಬೇಡದ ಮೀನು ಸಾಯುವುದು ಕಡಿಮೆ. ಹಿಡಿದದ್ದನ್ನು ಬೇಯಿಸಿ, ಹೊಗೆ ಹಾಕಿ, ಒಣಗಿಸಿದರೆ ಮಾಸ್. ಕಟ್ಟಿಗೆಯ ಹಾಗೆ ಗಟ್ಟಿ, ತಿಂಗಳುಗಟ್ಟಲೆ ಕೆಡುವುದಿಲ್ಲ. ಜನ ಆಳ ಸಮುದ್ರದ ಮೀನಿಗೆ ಹೋದದ್ದರಿಂದ ಹವಳದ ಸುತ್ತಲಿನ ಮೀನಿಗೂ ಉಸಿರಾಡಲು ಬಿಡುವು ಸಿಕ್ಕಿತು. ಹವಳದ ದಂಡೆ ಮಳೆಗಾಲದ ಉಗ್ರಾಣದ ಹಾಗೆ: ದೋಣಿ ಹೊರಡಲಾಗದ ದಿನಗಳಲ್ಲಿ ಅಲ್ಲೇ ದಡದ ಹತ್ತಿರ ಮೀನು, ಇಳಿತದ ಹೊತ್ತಲ್ಲಿ ಆಕ್ಟೋಪಸ್.

ಹವಾಮಾನ ಕೈಹಾಕಿದ್ದು ಇಲ್ಲಿ. 1998, 2010, 2016, ಮತ್ತೆ 2024, ನಾಲ್ಕು ಸಲ ಸಮುದ್ರ ಕಾದು ಹವಳ ಬಿಳಿಚಿತು. ಅಗತ್ತಿ, ಕಡಮತ್, ಕವರತ್ತಿಗಳಲ್ಲಿ ವಿಜ್ಞಾನಿಗಳು ಅಳೆದಾಗ ಜೀವಂತ ಹವಳ 1998ರಲ್ಲಿ ಇದ್ದ 37%ನಿಂದ 2022ಕ್ಕೆ 19%ಗೆ ಇಳಿದಿತ್ತು. ಟ್ಯೂನಾ ದೂರದ ಮೀನಲ್ವಾ, ಅದಕ್ಕೇನು ಅಂದುಕೊಳ್ಳಬೇಡಿ. ಅದನ್ನು ಹತ್ತಿರ ಕರೆಯಲು ನೀರಿಗೆ ಎಸೆಯುವ ಜೀವಂತ ಎರೆಮೀನು ಸಿಗುವುದು ಹವಳದ ದಂಡೆಯೊಳಗಿನ ತಿಳಿನೀರಿನಲ್ಲೇ. ಹಾಗಂತ ಎಲ್ಲ ತಪ್ಪನ್ನೂ ಬಿಸಿಲಿನ ಮೇಲೆ ಹಾಕುವುದು ಸರಿಯಲ್ಲ. ಹವಳದ ಮೀನನ್ನೇ ಹಿಡಿದು ಮಾರುವುದೂ ಈಚೆಗೆ ಜಾಸ್ತಿಯಾಗಿದೆ.

ನೀರೂ ಅಷ್ಟೆ. ಜನ ಹೆಚ್ಚಿ, ಪಂಪು ಬಂದು, ಬಾವಿಗೆ ಉಪ್ಪು ಏರತೊಡಗಿದ್ದಕ್ಕೆ 2005ರಲ್ಲೇ ಕವರತ್ತಿಯಲ್ಲಿ ಸಮುದ್ರದ ನೀರಿನಿಂದ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಮಾಡುವ ಘಟಕ ಹಾಕಬೇಕಾಯಿತು. ಸಮುದ್ರ ಏರಿದಷ್ಟೂ ಆ ತೆಳು ಸಿಹಿನೀರಿನ ಪದರಕ್ಕೆ ಕಷ್ಟ, ಸೊಪ್ಪು ತರಕಾರಿ ಬೆಳೆಯುವುದು ಇನ್ನೂ ಕಷ್ಟ.

ಮೇ 15ಕ್ಕೆ ಮಂಜಿಗಳು ನಿಲ್ಲುತ್ತವೆ, ಮತ್ತೆ ಹೊರಡುವುದು ಸೆಪ್ಟೆಂಬರ್ ಮಧ್ಯದಲ್ಲಿ. ಆ ನಾಲ್ಕು ತಿಂಗಳಿಗೆ ಅಕ್ಕಿಯನ್ನಾದರೂ ಮೊದಲೇ ಸಂಗ್ರಹಿಸಿ ಇಟ್ಟುಕೊಳ್ಳಬಹುದು. ಸೊಪ್ಪನ್ನು ಇಟ್ಟುಕೊಳ್ಳಲಾಗುವುದಿಲ್ಲ.