‘ಎಕ್ಸ್‌ಟೆನ್ಷನ್ ಬಂದ್ ಮಾಡ್ರಿ’: ಬ್ರೌಸರಿನ ಕೀಲಿಕೈ ಕೈ ಬದಲಿಸಿದ ಕಥೆ

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಕ್ಲಾಸುಗಳ ಬೋರ್ಡುಗಳ ಸಂದಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಪುಟ್ಟ ಅಂಗಡಿಗಳಿವೆ. ಅಂಥದೊಂದು ಅಂಗಡಿಯ ಮಾನಿಟರಿನ ಅಂಚಿಗೆ ಮಾಲೀಕರು ಚೀಟಿ ಅಂಟಿಸಿದ್ದರು: ‘ಫಾರ್ಮ್ ತುಂಬುವಾಗ ಎಕ್ಸ್‌ಟೆನ್ಷನ್ ಬಂದ್ ಮಾಡ್ರಿ.’ ನೌಕರಿ ಅರ್ಜಿ ತುಂಬಲು ಬಂದ ಹುಡುಗನೊಬ್ಬ ಅದನ್ನು ಓದಿದ, ಮೇಜಿನ ಕೆಳಗೆ ಬಗ್ಗಿದ, ಎಕ್ಸ್‌ಟೆನ್ಷನ್ ಬಾಕ್ಸಿನ ಸ್ವಿಚ್ ಆರಿಸಿಬಿಟ್ಟ. ಫೋಟೊ, ಸಹಿ ಎಲ್ಲ ಅಪ್‌ಲೋಡ್ ಆಗಿದ್ದ ಅರ್ಜಿ ಕಂಪ್ಯೂಟರ್ ಸಮೇತ ಕತ್ತಲಾಯಿತು.

“ಅಲ್ಲೋ ತಮ್ಮಾ, ಅದಲ್ಲೋ!”

“ಮತ್ತ ಯಾವ್ದ್ರೀ ಅಣ್ಣಾರ? ಇಲ್ಲೆ ಇರೂದ ಒಂದ ಎಕ್ಸ್‌ಟೆನ್ಷನ್!”

ಹುಡುಗನದು ತಪ್ಪಿಲ್ಲ. ನಮ್ಮೂರಲ್ಲಿ ಎಕ್ಸ್‌ಟೆನ್ಷನ್ ಅಂದರೆ ಮೂರು ಪಿನ್ನಿನ ಡಬ್ಬಿ, ಇಲ್ಲವೇ ಊರ ಹೊರಗಿನ ಹೊಸ ಬಡಾವಣೆ. ಮಾಲೀಕರು ಹೇಳಿದ್ದು ಮೂರನೆಯದು, ಬ್ರೌಸರಿಗೆ ನಾವೇ ಹಚ್ಚಿಕೊಳ್ಳುವ ಚಿಕ್ಕ ಸಾಫ್ಟ್‌ವೇರು. ಜಾಹೀರಾತು ತಡೆಯುವುದು, ಕನ್ನಡ ಟೈಪ್ ಮಾಡುವುದು, ಪಾಸ್‌ವರ್ಡ್ ನೆನಪಿಡುವುದು, ಹೀಗೆ ಅದರ ಕೆಲಸ ನೂರೆಂಟು. ಹಣ ಕಟ್ಟುವ ಕಿಟಕಿ ತೆರೆಯುವ ಹೊತ್ತಿಗೆ ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಅದನ್ನೂ ಜಾಹೀರಾತೆಂದೇ ತಿಳಿದು ಮುಚ್ಚಿಬಿಡುವುದುಂಟು. ಚೀಟಿಯ ಮೂಲ ಅದು.

ಅದೇ ಕಂಪ್ಯೂಟರಿನಲ್ಲಿ ಮೂರು ಬ್ರೌಸರುಗಳಿದ್ದವು. ಒಂದರಲ್ಲಿ ಎಕ್ಸ್‌ಟೆನ್ಷನ್ ಒಂದೂ ಇಲ್ಲ, ಒಂದರಲ್ಲಿ ನಾಲ್ಕಾರು, ಇನ್ನೊಂದು ಹಳೇ ಕಾಲದ ಸೈಟುಗಳಿಗೆ ಮೀಸಲು. “ಮೂರರಾಗ ಯಾವ್ದ ಚಲೋ?” ಎಂದು ಮಾಲೀಕರು ಕೇಳಿದರು. ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ 1997ರಿಂದ ಶುರು ಮಾಡಬೇಕು.

ನಮ್ಮ ಕಡೆಯ ಹಳೇ ಮನೆಗಳನ್ನು ನೆನೆಯಿರಿ. ಹೊರಗೆ ಕಟ್ಟೆ, ಒಳಗೆ ಪಡಸಾಲೆ, ಅದರಾಚೆ ಅಡುಗೆಮನೆ, ಕೊನೆಗೆ ದೇವರಮನೆ. ಬಂದವರನ್ನು ಎಲ್ಲಿಯವರೆಗೆ ಬಿಟ್ಟುಕೊಳ್ಳಬೇಕೆಂಬುದು ಮನೆಯವರ ವಿವೇಕ. ಬ್ರೌಸರುಗಳ ನಡುವಿನ ವ್ಯತ್ಯಾಸವೂ ಬಹುಮಟ್ಟಿಗೆ ಇಷ್ಟೇ: ಹೊರಗಿನ ಎಕ್ಸ್‌ಟೆನ್ಷನ್ ಎಂಬ ನೆಂಟನನ್ನು ಎಲ್ಲಿಯವರೆಗೆ ಬಿಡುತ್ತಾರೆ, ಮತ್ತು ಅದನ್ನು ಯಾರು ತೀರ್ಮಾನಿಸುತ್ತಾರೆ.

1997ರಲ್ಲಿ ಬಂದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 4 ಬಾಗಿಲಿಗೆ ಅಗಳಿಯನ್ನೇ ಹಾಕಲಿಲ್ಲ. ‘ಬ್ರೌಸರ್ ಹೆಲ್ಪರ್ ಆಬ್ಜೆಕ್ಟ್’ ಎಂಬ ವ್ಯವಸ್ಥೆಯಲ್ಲಿ ಯಾರೋ ಬರೆದ ಪ್ರೋಗ್ರಾಮು ಬ್ರೌಸರಿನ ಹೊಟ್ಟೆಯೊಳಗೇ ಸೇರಿ ಓಡುತ್ತಿತ್ತು. ಒಳ್ಳೆಯವರೂ ಬಂದರು. 2000ದ ಡಿಸೆಂಬರಿನಲ್ಲಿ ಬಂದ ಗೂಗಲ್ ಟೂಲ್‌ಬಾರ್ ಮುಂದೆ ಪಾಪ್‌ಅಪ್ ತಡೆಯುವುದನ್ನೂ ಕಲಿತು ಎಷ್ಟೋ ಜನರ ನೆಮ್ಮದಿ ಉಳಿಸಿತು. ಆದರೆ ಕರೆಯದೆ ಬಂದವರೇ ಹೆಚ್ಚು. ಜಾವಾ ಎಂಬ ಸಾಫ್ಟ್‌ವೇರು ಹಾಕಿಕೊಳ್ಳುವಾಗ ಒಂದು ಟಿಕ್ ತೆಗೆಯಲು ಮರೆತರೆ ಆಸ್ಕ್ ಟೂಲ್‌ಬಾರೂ ಜೊತೆಗೆ ಒಳಗೆ ಬರುತ್ತಿತ್ತು. ಹುಬ್ಬಳ್ಳಿಯ ವಿದ್ಯಾನಗರದ ಸೈಬರ್ ಕೆಫೆಯೊಂದರಲ್ಲಿ ನಾನು ಕಂಡ ಪರದೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ: ಒಂದರ ಕೆಳಗೊಂದು ಐದು ಟೂಲ್‌ಬಾರು, ಅವುಗಳ ಅಡಿಯಲ್ಲಿ ಗೇಣಗಲದ ವೆಬ್ ಪುಟ. ಪರೀಕ್ಷೆಯ ರಿಸಲ್ಟ್ ನೋಡಲು ಸ್ಕ್ರೋಲ್ ಮಾಡಿ ಮಾಡಿ ಬೆರಳು ಸವೆಯಬೇಕು. ಯಾವುದನ್ನು ತೆಗೆಯುವುದು, ಹೇಗೆ ತೆಗೆಯುವುದು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಆಡ್-ಆನ್‌ಗಳ, ಅಂದರೆ ಹೀಗೆ ಹಚ್ಚಿಕೊಂಡ ಪ್ರೋಗ್ರಾಮುಗಳ, ಪಟ್ಟಿ ತೋರಿಸಿ ಬಂದ್ ಮಾಡಲು ಬಿಡುವ ಸೌಕರ್ಯ ಎಕ್ಸ್‌ಪ್ಲೋರರಿಗೆ ಬಂದದ್ದೇ 2004ರಲ್ಲಿ, ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಜೊತೆಗೆ.

ಅದೇ 2004ರ ನವೆಂಬರ್ 9ರಂದು ಫೈರ್‌ಫಾಕ್ಸ್ 1.0 ಬಂತು. ಎಕ್ಸ್‌ಟೆನ್ಷನ್ ಎಂಬ ಮಾತು ಜನರ ಬಾಯಿಗೆ ಬಂದದ್ದು ಇಲ್ಲಿಂದ. ಅದರ ಗುಟ್ಟು ಹೀಗಿತ್ತು: ಫೈರ್‌ಫಾಕ್ಸಿನ ಗುಂಡಿ, ಮೆನು, ಕಿಟಕಿಗಳನ್ನೆಲ್ಲ ‘ಝೂಲ್’ ಎಂಬ ಗುರುತು ಭಾಷೆಯಲ್ಲಿ ಕಟ್ಟಿದ್ದರು. ಎಕ್ಸ್‌ಟೆನ್ಷನ್‌ಗೂ ಅದೇ ಭಾಷೆ, ಅದೇ ಅಧಿಕಾರ. ಅಂದರೆ ಬಂದ ನೆಂಟ ಅಡುಗೆಮನೆ ಹೊಕ್ಕು ಒಲೆಯ ಜಾಗವನ್ನೇ ಬದಲಿಸಬಹುದಿತ್ತು. ಡೆನ್ಮಾರ್ಕಿನ ಹೆನ್ರಿಕ್ ಸೋರೆನ್ಸನ್ ವಿದ್ಯಾರ್ಥಿಯಾಗಿದ್ದಾಗ, ಫೈರ್‌ಫಾಕ್ಸ್ 1.0 ಬರುವ ಮೊದಲೇ, 2002ರಲ್ಲಿ ಬರೆದ ಆಡ್‌ಬ್ಲಾಕ್ ಇಡೀ ವೆಬ್ಬಿನ ಜಾಹೀರಾತು ಲೆಕ್ಕಾಚಾರಕ್ಕೇ ಬೆಂಕಿ ಹಚ್ಚಿತು. 2006ರಲ್ಲಿ ಬಂದ ಫೈರ್‌ಬಗ್, ವೆಬ್ ಪುಟ ಕಟ್ಟುವವರಿಗೆ ಅದರ ನರನಾಡಿ ಬಿಡಿಸಿ ತೋರಿಸಿತು. ಇವತ್ತು ಪ್ರತಿ ಬ್ರೌಸರಿನಲ್ಲೂ ಇರುವ ಡೆವಲಪರ್ ಟೂಲ್ಸ್‌ಗೆ ಮಾದರಿ ಅದೇ. ಇನ್ನು ಫೈಲುಗಳನ್ನು ಸಾಲಾಗಿ ಇಳಿಸಿಕೊಡುವ ‘ಡೌನ್‌ದೆಮ್‌ಆಲ್’. ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡಿನ ಒಂದು ಪ್ಲಾನಿನಲ್ಲಿ ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಡೌನ್‌ಲೋಡಿಗೆ ಲೆಕ್ಕವಿರಲಿಲ್ಲ ಎಂಬುದನ್ನು ಬಲ್ಲವರಿಗೆ ಅದರ ಬೆಲೆ ಗೊತ್ತು. ಅಲಾರಂ ಇಟ್ಟುಕೊಂಡು ಎದ್ದು, ಸಾಲಾಗಿ ಡೌನ್‌ಲೋಡಿಗೆ ಹಚ್ಚಿ, ಮತ್ತೆ ಮುಸುಕೆಳೆದು ಮಲಗಿದ ಪೀಳಿಗೆ ನಮ್ಮದು.

ಕನ್ನಡಕ್ಕೂ ಇದರಲ್ಲಿ ಪಾಲಿದೆ. ಆಗ ಭಾರತೀಯ ಭಾಷೆಯ ಎಷ್ಟೋ ಸೈಟುಗಳು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತದಲ್ಲಿ, ಇರಲಿಲ್ಲ. ಒಂದೊಂದು ಪತ್ರಿಕೆಗೆ ಒಂದೊಂದು ಫಾಂಟು, ಆ ಫಾಂಟು ಇಲ್ಲದಿದ್ದರೆ ಪರದೆಯ ತುಂಬ ಅರ್ಥವಿಲ್ಲದ ಗೀಚು. ಗದಗಿನ ಪ್ರಿಂಟಿಂಗ್ ಪ್ರೆಸ್ಸುಗಳಲ್ಲಿ ಹಳೇ ನುಡಿ ಫಾಂಟಿನ ಫೈಲು ಇಟ್ಟುಕೊಂಡವರಿಗೆ ಈ ಪೀಡೆ ಹೊಸದಲ್ಲ. ಫೈರ್‌ಫಾಕ್ಸಿಗೆ ‘ಪದ್ಮ’ ಎಂಬ ಎಕ್ಸ್‌ಟೆನ್ಷನ್ ಇತ್ತು. ತೆಲುಗಿನಿಂದ ಶುರುವಾಗಿ ಬೇರೆ ಭಾರತೀಯ ಭಾಷೆಗಳಿಗೂ ಹಬ್ಬಿದ ಅದು, ಹಳೇ ಫಾಂಟಿನ ಪುಟವನ್ನು ಯೂನಿಕೋಡಿಗೆ ತಿರುಗಿಸಿ ತೋರಿಸುತ್ತಿತ್ತು. ಹೀಗೆ ಮಾಡಬೇಕಾದರೆ ನಾವು ತೆರೆದ ಪುಟದ ಅಕ್ಷರ ಅಕ್ಷರವನ್ನೂ ಅದು ಓದಬೇಕು, ತಿದ್ದಬೇಕು. ಎಕ್ಸ್‌ಟೆನ್ಷನ್ ಹಾಕುವಾಗ ‘ಎಲ್ಲ ವೆಬ್‌ಸೈಟುಗಳಲ್ಲಿನ ನಿಮ್ಮ ಎಲ್ಲ ಮಾಹಿತಿ ಓದುವ, ಬದಲಿಸುವ ಅನುಮತಿ’ ಎಂದು ಕೇಳುತ್ತದಲ್ಲ, ಅದರ ಅರ್ಥ ಇದೇ. ಅಕ್ಷರ ತಿದ್ದಿಕೊಡುವ ಕೈಯೇ ಬ್ಯಾಂಕಿನ ಪುಟವನ್ನೂ ಮುಟ್ಟಬಲ್ಲದು.

2008ರ ಸೆಪ್ಟೆಂಬರ್ 2ರಂದು ಬಂದ ಗೂಗಲ್‌ನ ಕ್ರೋಮ್, ಮನೆಯ ನಕಾಶೆಯನ್ನೇ ಬೇರೆ ಮಾಡಿತು. ಪುಟಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಓಡಿಸಿತು, ಒಂದು ಕೆಟ್ಟರೆ ಇನ್ನೊಂದು ಉಳಿಯಬೇಕೆಂದು. ಎಕ್ಸ್‌ಟೆನ್ಷನ್‌ಗೆ ಜಾಗ ಸಿಕ್ಕಿದ್ದು 2010ರ ಜನವರಿಯಲ್ಲಿ, ನಾಲ್ಕನೇ ಆವೃತ್ತಿಗೆ. ಅದೂ ಪಡಸಾಲೆಯಲ್ಲಿ. ಏನು ಬೇಕೋ ‘ಮ್ಯಾನಿಫೆಸ್ಟ್’ ಎಂಬ ಕಾಗದದಲ್ಲಿ ಮೊದಲೇ ಬರೆದುಕೊಡಬೇಕು, ಕೊಟ್ಟಷ್ಟನ್ನೇ ಬಳಸಬೇಕು. ಫೈರ್‌ಫಾಕ್ಸಿನಲ್ಲಿ ಗ್ರೀಸ್‌ಮಂಕಿ ಎಂಬ ಎಕ್ಸ್‌ಟೆನ್ಷನ್ ಕಟ್ಟಿ ಹೆಸರಾಗಿದ್ದ ಆರನ್ ಬೂಡ್‌ಮನ್ ಈ ವ್ಯವಸ್ಥೆ ಕಟ್ಟಿದವರಲ್ಲೊಬ್ಬರು. ಅಡುಗೆಮನೆಯ ಸಲುಗೆಯಿಂದ ಏನೇನಾಗುತ್ತದೆ ಎಂಬುದನ್ನು ಅವರು ಚೆನ್ನಾಗಿಯೇ ಬಲ್ಲರು. 2014ರ ಹೊತ್ತಿಗೆ ವಿಂಡೋಸ್‌ನ ಕ್ರೋಮಿಗೆ ಎಕ್ಸ್‌ಟೆನ್ಷನ್ ಬೇಕಾದರೆ ಗೂಗಲ್‌ನ ವೆಬ್ ಸ್ಟೋರಿನಿಂದಲೇ ತರಬೇಕೆಂಬ ನಿಯಮವಾಯಿತು. ಟೂಲ್‌ಬಾರ್ ಕಾಟ ಕಡಿಮೆಯಾಯಿತು ನಿಜ. ಆದರೆ ಕೀಲಿಕೈ ಮನೆಯವರ ಸೊಂಟದಿಂದ ಜಾರಿ ಅಂಗಡಿಯವನ ಮೊಳೆಗೆ ಹೋದದ್ದೂ ಆಗಲೇ.

ಒಪೇರಾ ಎಂಬ ಬ್ರೌಸರು 2010ರಲ್ಲಿ ತನ್ನದೇ ಎಕ್ಸ್‌ಟೆನ್ಷನ್ ತಂದು 2013ರಲ್ಲಿ ಕ್ರೋಮಿನ ತಳಪಾಯಕ್ಕೇ ವಲಸೆ ಹೋಯಿತು. ಮೈಕ್ರೋಸಾಫ್ಟಿನ ಎಡ್ಜ್ 2015ರಲ್ಲಿ ಎಕ್ಸ್‌ಟೆನ್ಷನ್ ಇಲ್ಲದೆಯೇ ಬಂತು, ಮರುವರ್ಷ ಕೆಲವನ್ನು ಸೇರಿಸಿಕೊಂಡಿತು, 2020ರ ಜನವರಿಯಲ್ಲಿ ಅದೂ ಅದೇ ತಳಪಾಯಕ್ಕೆ ಬಂತು.

ಫೈರ್‌ಫಾಕ್ಸಿನ ಕಥೆಯಲ್ಲಿ ಮಾತ್ರ ನೋವಿದೆ. ಎಕ್ಸ್‌ಟೆನ್ಷನ್‌ಗಳು ಬ್ರೌಸರಿನ ಗೋಡೆಗಳಿಗೇ ಮೊಳೆ ಹೊಡೆದುಕೊಂಡಿದ್ದರಿಂದ ಗೋಡೆ ಕದಲಿಸುವಂತಿರಲಿಲ್ಲ. ಪ್ರತಿ ಹೊಸ ಆವೃತ್ತಿಗೂ ಹತ್ತಾರು ಆಡ್-ಆನ್ ಮುರಿದು ಬೀಳುತ್ತಿದ್ದವು. ಕ್ರೋಮಿನ ಹಾಗೆ ಕೋಣೆ ಬೇರೆ ಮಾಡಲು ಹೊರಟರೆ ಹಳೇ ಆಡ್-ಆನ್‌ಗಳೇ ಅಡ್ಡ. ಕೊನೆಗೆ 2015ರ ಆಗಸ್ಟಿನಲ್ಲಿ, ಫೈರ್‌ಫಾಕ್ಸ್ ಕಟ್ಟುವ ಮೊಜಿಲ್ಲಾ, ಕ್ರೋಮಿನ ರೀತಿಯ ‘ವೆಬ್‌ಎಕ್ಸ್‌ಟೆನ್ಷನ್ಸ್’ಗೆ ಹೋಗುವುದಾಗಿ ಹೇಳಿತು. 2017ರ ನವೆಂಬರ್ 14ರಂದು ಫೈರ್‌ಫಾಕ್ಸ್ 57 ಬಂದಾಗ ಹಳೇ ಆಡ್-ಆನ್‌ಗಳೆಲ್ಲ ಒಂದೇ ದಿನ ನಿಂತವು. ಬ್ರೌಸರು ಚುರುಕಾಯಿತು, ಹಳೇ ಅಭಿಮಾನಿಗಳು ಮುನಿಸಿಕೊಂಡರು. ಡೌನ್‌ದೆಮ್‌ಆಲ್ ಮರಳಿ ಬಂದದ್ದು 2019ರಲ್ಲಿ, ಸೊರಗಿದ ಮೈಯಲ್ಲಿ. ಅದೇ ವರ್ಷ ಮೇ 4ರಂದು ಆಡ್-ಆನ್ ಅಸಲಿ ಎಂದು ದೃಢಪಡಿಸುವ ಮೊಜಿಲ್ಲಾದ ಒಂದು ಸಹಿ ಪ್ರಮಾಣಪತ್ರದ ಅವಧಿ ಮುಗಿದು, ಜಗತ್ತಿನಾದ್ಯಂತ ಫೈರ್‌ಫಾಕ್ಸ್ ಆಡ್-ಆನ್‌ಗಳು ತಾವಾಗಿಯೇ ಬಂದ್ ಆದವು. ಸಹಿ ಕಡ್ಡಾಯ ಮಾಡಿದ್ದು ಕಳ್ಳರನ್ನು ತಡೆಯಲೆಂದೇ. ಕೀಲಿಕೈ ಒಬ್ಬರ ಬಳಿಯೇ ಇದ್ದರೆ ಅವರು ಮರೆತ ದಿನ ಮನೆಯವರೂ ಹೊರಗೇ.

ಅಂಗಡಿಯ ಮೂರನೇ ಬ್ರೌಸರಿನ ಕಥೆಯನ್ನೂ ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಎಕ್ಸ್‌ಟೆನ್ಷನ್ ಮತ್ತು ಪ್ಲಗಿನ್ ಎರಡನ್ನೂ ಒಂದೇ ಎಂದು ತಿಳಿಯುವವರು ಬಹಳ. ಫ್ಲ್ಯಾಷ್, ಜಾವಾ ಆಪ್ಲೆಟ್ ಇವು ಪ್ಲಗಿನ್‌ಗಳು, ಬ್ರೌಸರಿಗೆ ತಿಳಿಯದ ಬಗೆಯ ಫೈಲು ತೋರಿಸಲು ಬಂದ ಪೂರ್ತಿ ಬೇರೆ ಯಂತ್ರಗಳು. ಟೆಂಡರ್ ಹಾಕುವವರು ಡಿಜಿಟಲ್ ಸಹಿಯ ಪೆನ್‌ಡ್ರೈವ್‌ನಂಥ ಟೋಕನ್ ಚುಚ್ಚಿ ಕಾಯುತ್ತ ಕೂರುತ್ತಿದ್ದುದು ಈ ಜಾವಾದ ದಯೆಗಾಗಿ. 2015ರ ಸೆಪ್ಟೆಂಬರಿನಲ್ಲಿ ಕ್ರೋಮ್ ಆ ದಾರಿ ಮುಚ್ಚಿತು, 2017ರ ಮಾರ್ಚಿನಲ್ಲಿ ಫ್ಲ್ಯಾಷ್ ಒಂದನ್ನು ಬಿಟ್ಟು ಉಳಿದವನ್ನು ಫೈರ್‌ಫಾಕ್ಸೂ ಹೊರಹಾಕಿತು. ಎಕ್ಸ್‌ಪ್ಲೋರರ್ 2022ರ ಜೂನ್ 15ಕ್ಕೆ ನಿವೃತ್ತಿಯಾದರೂ ಎಡ್ಜ್‌ನೊಳಗೆ ‘ಐಇ ಮೋಡ್’ ಎಂಬ ಹೆಸರಿನಲ್ಲಿ ಪಿಂಚಣಿ ತಿನ್ನುತ್ತಿದೆ, 2029ರವರೆಗಂತೂ ಇರುತ್ತದಂತೆ.

ಈಗಿನ ಜಗಳಕ್ಕೆ ಬರೋಣ. ಅದರ ಹೆಸರು ಮ್ಯಾನಿಫೆಸ್ಟ್ ವಿ3, ಹಿಂದೆ ಹೇಳಿದ ಮ್ಯಾನಿಫೆಸ್ಟ್ ಕಾಗದದ ಮೂರನೇ ಆವೃತ್ತಿ. ಕರಡು ಹೊರಬಿದ್ದದ್ದು 2018ರ ಕೊನೆಗೆ, ಕ್ರೋಮಿಗೆ ಬಂದದ್ದು 2021ರ ಜನವರಿಯಲ್ಲಿ. ಹಳೇ ಪದ್ಧತಿಯಲ್ಲಿ ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಬಾಗಿಲಲ್ಲೇ ನಿಂತು, ಬಂದ ಪ್ರತಿಯೊಬ್ಬರ ಮುಖ ನೋಡಿ, ಆ ಕ್ಷಣದಲ್ಲಿ ಬಿಡಬೇಕೋ ಬೇಡವೋ ಎಂದು ತಾನೇ ನಿರ್ಧರಿಸುತ್ತಿತ್ತು. ಹೊಸ ಪದ್ಧತಿಯಲ್ಲಿ ಅದು ಬಾಗಿಲಿಗೆ ಬರುವಂತಿಲ್ಲ. ಯಾರನ್ನು ಬಿಡಬಾರದೆಂದು ಮೊದಲೇ ಚೀಟಿ ಬರೆದು ಬ್ರೌಸರ್ ಎಂಬ ಕಾವಲುಗಾರನ ಕೈಗಿಡಬೇಕು. ಚೀಟಿಗೆ ಮಿತಿಯೂ ಉಂಟು: ಖಾತ್ರಿಯಾಗಿ ಸಿಗುವುದು 30,000 ನಿಯಮ. ಅದಕ್ಕಿಂತ ಹೆಚ್ಚು ಬೇಕೆಂದರೆ ಎಲ್ಲ ಎಕ್ಸ್‌ಟೆನ್ಷನ್‌ಗಳೂ ಹಂಚಿಕೊಳ್ಳುವ ಕಣಜದಿಂದ ತೆಗೆಯಬೇಕು. ಜಾಹೀರಾತಿನವರು ವೇಷ ಬದಲಿಸಿ ಬಂದರೆ ನಿನ್ನೆಯ ಚೀಟಿ ಇವತ್ತಿಗೆ ಸಾಲದು. ರೇಮಂಡ್ ಹಿಲ್ 2014ರಲ್ಲಿ ಶುರುಮಾಡಿದ, ಕ್ರೋಮ್ ಒಂದರಲ್ಲೇ 3 ಕೋಟಿಗೂ ಹೆಚ್ಚು ಜನ ಬಳಸುತ್ತಿದ್ದ ಯುಬ್ಲಾಕ್ ಒರಿಜಿನ್ ಎಂಬ ಜಾಹೀರಾತು ತಡೆ ಕ್ರೋಮಿನಲ್ಲಿ ನಿಂತದ್ದು ಇದೇ ಕಾರಣಕ್ಕೆ. 2024ರ ಜೂನಿನಲ್ಲಿ ಹಳೇ ಪದ್ಧತಿಯನ್ನು ತೆಗೆಯತೊಡಗಿದ ಕ್ರೋಮ್ 2025ರಲ್ಲಿ ಅದನ್ನು ಪೂರ್ತಿ ಮುಗಿಸಿತು. ಈಗ ಅಲ್ಲಿರುವುದು ‘ಲೈಟ್’ ಎಂಬ ಬಡಕಲು ತಮ್ಮ.

ಸುರಕ್ಷತೆಗಾಗಿ, ವೇಗಕ್ಕಾಗಿ ಎಂದು ಗೂಗಲ್ ಹೇಳುತ್ತದೆ. ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ‘ದಿ ಗ್ರೇಟ್ ಸಸ್ಪೆಂಡರ್’ ನೆನಪಿದೆಯೇ? ತೆರೆದಿಟ್ಟ ಟ್ಯಾಬುಗಳನ್ನು ಮಲಗಿಸಿ ಮೆಮೊರಿ ಉಳಿಸುತ್ತಿದ್ದ ಎಕ್ಸ್‌ಟೆನ್ಷನ್, 4 ಜಿಬಿ ರ್‍ಯಾಮಿನ ಅಂಗಡಿ ಕಂಪ್ಯೂಟರುಗಳ ಪಾಲಿನ ದೇವರು. 2020ರಲ್ಲಿ ಅದನ್ನು ಬರೆದವರು ಬೇರೆಯವರಿಗೆ ಮಾರಿದರು. 20 ಲಕ್ಷ ಬಳಕೆದಾರರೂ ಅದರ ಜೊತೆಗೇ ಮಾರಾಟವಾದರು ಎನ್ನಬೇಕು. 2021ರ ಫೆಬ್ರುವರಿಯಲ್ಲಿ ಗೂಗಲ್ ಅದನ್ನು ಕೇಡಿನ ಸಾಫ್ಟ್‌ವೇರೆಂದು ತೆಗೆದುಹಾಕಿತು. ಹೊರಗಿನಿಂದ ಕೋಡ್ ತರಿಸಿಕೊಂಡು ಓಡಿಸುವುದನ್ನು ವಿ3 ನಿಷೇಧಿಸಿದ್ದು ಇಂಥ ಆಟಕ್ಕೆ ಕಡಿವಾಣ, ಒಳ್ಳೆಯದೇ.

ಆದರೆ ಒಂದು ಮಾತು ನನಗೆ ಗಂಟಲಲ್ಲಿ ಸಿಕ್ಕ ಮುಳ್ಳಿನಂತಿದೆ. ವಿ3 ಕಿತ್ತುಕೊಂಡದ್ದು ತಡೆಯುವ ಅಧಿಕಾರವನ್ನು, ನೋಡುವ ಅಧಿಕಾರವನ್ನಲ್ಲ. ಅನುಮತಿ ಪಡೆದ ಎಕ್ಸ್‌ಟೆನ್ಷನ್ ಈಗಲೂ ನಿಮ್ಮ ಪುಟ ಓದಬಲ್ಲದು, ಬದಲಿಸಬಲ್ಲದು, ನೀವು ಎಲ್ಲಿಗೆ ಹೋದಿರೆಂದು ಗಮನಿಸಬಲ್ಲದು. ಕಳ್ಳನಿಗೆ ಬೇಕಾದ ಕಿಟಕಿ ತೆರೆದಿಟ್ಟು ಕಾವಲುಗಾರನ ಕೋಲು ಕಸಿದರೆ, ಅದರಲ್ಲೂ ಕಸಿದವರು ಜಾಹೀರಾತಿನಿಂದಲೇ ಬದುಕುವವರಾದರೆ, ಜನ ಮಾತಾಡದೆ ಇರುತ್ತಾರೆಯೇ? ಫೈರ್‌ಫಾಕ್ಸ್ 2023ರ ಜನವರಿಯಲ್ಲಿ ವಿ3 ತಂದಿತು, ಹಳೇ ತಡೆಯುವ ಅಧಿಕಾರವನ್ನೂ ಉಳಿಸಿಕೊಂಡಿತು. ಬ್ರೇವ್ ಎಂಬ ಬ್ರೌಸರು ತಡೆಯುವ ಕೆಲಸವನ್ನು ಬ್ರೌಸರಿನೊಳಗೇ ಕಟ್ಟಿಕೊಂಡಿದೆ. ಆದರೂ ಫೈರ್‌ಫಾಕ್ಸನ್ನು ಕುದುರೆ ಏರಿಸುವ ಮೊದಲು, ಮೊಜಿಲ್ಲಾದ ಆದಾಯದ ದೊಡ್ಡ ಪಾಲು ತನ್ನ ಹುಡುಕಾಟವನ್ನು ಫೈರ್‌ಫಾಕ್ಸಿನ ಮೊದಲ ಆಯ್ಕೆಯಾಗಿಡಲು ಗೂಗಲ್ ಕೊಡುವ ಹಣವೇ ಎಂಬುದನ್ನೂ ನೆನಪಿಡಬೇಕು.

ಗಮನಿಸಿ, ಚೀಟಿ ಪದ್ಧತಿ ಗೂಗಲ್‌ನ ಹೊಸ ಶೋಧವೇನಲ್ಲ. ಆ್ಯಪಲ್ 2015ರಲ್ಲೇ ಐಫೋನಿನ ಸಫಾರಿಗೆ ಅದನ್ನು ತಂದಿತ್ತು. ಅಲ್ಲಿ ಹೊಸದಾಗಿ ಬಂತೆಂದು ಹೊಗಳಿದವರೇ ಇಲ್ಲಿ ಇದ್ದದ್ದು ಹೋಯಿತೆಂದು ಬೈದರು. ಸಫಾರಿ 2020ರಲ್ಲಿ ವೆಬ್‌ಎಕ್ಸ್‌ಟೆನ್ಷನ್ಸ್ ಒಪ್ಪಿಕೊಂಡರೂ ಆ್ಯಪ್ ಸ್ಟೋರಿಗೆ ಹಾಕಲು ವರ್ಷಕ್ಕೆ 99 ಡಾಲರ್ ಕಟ್ಟಬೇಕು. ಪುಕ್ಕಟೆ ಹಂಚುವ ಹವ್ಯಾಸಿಗಳು ಆ ಕಡೆ ತಲೆ ಹಾಕದಿರುವುದಕ್ಕೆ ಅಷ್ಟು ಸಾಕು.

ಇಷ್ಟನ್ನೂ ಹೇಳಿದ ಮೇಲೆ ಮಾಲೀಕರಿಗೆ ಕೊಟ್ಟ ಉತ್ತರ ಚಿಕ್ಕದು. ಹಣ ಕಟ್ಟುವ, ಆಧಾರ್ ಹಾಕುವ ಕೆಲಸಕ್ಕೆ ಎಕ್ಸ್‌ಟೆನ್ಷನ್ ಇಲ್ಲದ ಬ್ರೌಸರು. ಓದಲು, ಹುಡುಕಲು ಫೈರ್‌ಫಾಕ್ಸು, ಜಾಹೀರಾತು ತಡೆ ಹಾಕಿಕೊಂಡು. ಅವರು ನಕ್ಕರು. “ನಾ ಮಾಡಿದ್ದೂ ಅದನ್ನರಿ. ಕಾರಣ ಗೊತ್ತಿರಲಿಲ್ಲ, ಅಷ್ಟ.”

ಅಷ್ಟರಲ್ಲಿ ಶಿರಹಟ್ಟಿ ಕಡೆಯ ಹುಡುಗಿಯೊಬ್ಬಳು ಮೊಬೈಲ್ ಹಿಡಿದು ಬಂದಳು. ಅರ್ಧ ಅರ್ಜಿಯನ್ನು ಫೋನಿನಲ್ಲೇ ತುಂಬಿದ್ದಳು, ಪುಟದ ಮೇಲೆ ಜಾಹೀರಾತು ಕುಣಿಯುತ್ತಿತ್ತು. ಆಂಡ್ರಾಯ್ಡ್ ಫೋನಿನ ಕ್ರೋಮಿಗೆ ಎಕ್ಸ್‌ಟೆನ್ಷನ್ ಸೌಲಭ್ಯ ಬಂದೇ ಇಲ್ಲ. ಆಂಡ್ರಾಯ್ಡ್‌ನ ಫೈರ್‌ಫಾಕ್ಸು 2020ರಲ್ಲಿ ಬಾಗಿಲು ಹೆಚ್ಚೂಕಡಿಮೆ ಮುಚ್ಚಿ, 2023ರ ಡಿಸೆಂಬರಿನಲ್ಲಿ 400ಕ್ಕೂ ಹೆಚ್ಚು ಎಕ್ಸ್‌ಟೆನ್ಷನ್‌ಗಳಿಗೆ ಮತ್ತೆ ತೆರೆಯಿತು. ಅವಳ ಫೋನಿನಲ್ಲಿ ಅದನ್ನು ಹಾಕಿಕೊಡಲು ಮಾಲೀಕರು ಕೈ ಚಾಚಿದರು.

“ಬ್ಯಾಡ್ರೀ ಅಣ್ಣಾರ, ಜಾಗ ಇಲ್ಲ ಫೋನಿನ್ಯಾಗ,” ಅಂದಳು. “ಮೊದಲ ಫಾರ್ಮ್ ತುಂಬಿಕೊಡ್ರಿ, ಬಸ್ ಹೋಗ್ತದ.”