ಅಮ್ಮ ಜೊತೆಗಿರುವಾಗ ಡೌಲಾ ಬೇರೆ ಬೇಕಾ?

ಪ್ರಶ್ನೆ: ನನಗೀಗ ಏಳನೇ ತಿಂಗಳು, ಚೊಚ್ಚಲ ಹೆರಿಗೆ. ತವರು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಹೆರಿಗೆ ಶಿವಮೊಗ್ಗದ ಖಾಸಗಿ ಆಸ್ಪತ್ರೆಯಲ್ಲಿ ಅಂತ ಮಾತಾಗಿದೆ. ಬೆಂಗಳೂರಿನ ಗೆಳತಿ ಡೌಲಾ (ಹೆರಿಗೆಯುದ್ದಕ್ಕೂ ಜೊತೆಗಿರಲು ದುಡ್ಡು ಕೊಟ್ಟು ಗೊತ್ತುಮಾಡುವ ಹೆಂಗಸು) ಇಟ್ಟುಕೊಂಡಿದ್ದಳು, ನೀನೂ ಇಟ್ಟುಕೋ ಅನ್ನುತ್ತಾಳೆ. ಅಮ್ಮ ಮಾತ್ರ "ನಾನಿರುವಾಗ ದುಡ್ಡು ಕೊಟ್ಟು ಹೊರಗಿನವರನ್ನು ಯಾಕೆ ಕರೆಸಬೇಕು?" ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಡೌಲಾ ವಿಷಯ ಆಮೇಲೆ ನೋಡೋಣ. ಮುಂದಿನ ಚೆಕಪ್‌ಗೆ ಹೋದಾಗ ಮೊದಲು ಆಸ್ಪತ್ರೆಯಲ್ಲಿ ಒಂದು ಮಾತು ಕೇಳಿ: "ನೋವು ಶುರುವಾದಾಗಿನಿಂದ ಮಗು ಹುಟ್ಟುವವರೆಗೆ ಲೇಬರ್ ವಾರ್ಡ್ ಒಳಗೆ ನನ್ನ ಜೊತೆ ಒಬ್ಬರನ್ನು ಬಿಡುತ್ತೀರಾ?" ಡಾಕ್ಟರನ್ನು ಕೇಳಿದರೆ ಸಾಲದು, ವಾರ್ಡಿನ ಸಿಸ್ಟರನ್ನೂ ಕೇಳಿ. ರಾತ್ರಿ ಎರಡು ಗಂಟೆಗೆ ಬಾಗಿಲಲ್ಲಿ ಇರುವವರು ಅವರೇ. ಬಿಡುವುದಿಲ್ಲ ಅಂದರೆ ಅಮ್ಮನೂ ಹೊರಗೆ, ಡೌಲಾನೂ ಹೊರಗೆ. ಆಗ ಯೋಚಿಸಬೇಕಾದದ್ದು ಆಸ್ಪತ್ರೆ ಬದಲಿಸಬೇಕೇ ಅನ್ನುವುದನ್ನು.

ಇದು ನೀವು ಬೇಡಿಕೊಳ್ಳಬೇಕಾದ ವಿಷಯವೇನೂ ಅಲ್ಲ. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಒಬ್ಬ ಹೆಂಗಸನ್ನು ಜೊತೆಗೆ ಬಿಡಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಅನುಮತಿ ಕೊಟ್ಟಿದೆ. ಗರ್ಭಿಣಿ ಬಯಸಿದವರು ಹೆರಿಗೆಯುದ್ದಕ್ಕೂ ಜೊತೆಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ನಾಳೆ ಏನೋ ತೊಂದರೆಯಾಗಿ ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಗೆ ಹೋಗಬೇಕಾಗಿ ಬಂದರೂ ಈ ಮಾತು ನೆನಪಿರಲಿ.

ಇನ್ನು ಡೌಲಾ. ಆಕೆ ನರ್ಸ್ ಅಲ್ಲ, ಸೂಲಗಿತ್ತಿಯೂ ಅಲ್ಲ. ಒಳಪರೀಕ್ಷೆ ಮಾಡುವುದಿಲ್ಲ, ಔಷಧಿ ಕೊಡುವುದಿಲ್ಲ, ಹೆರಿಗೆ ಮಾಡಿಸುವುದಿಲ್ಲ. ನಿಮ್ಮ ಪಕ್ಕದಲ್ಲಿ ಇರುವುದೇ ಆಕೆಯ ಕೆಲಸ. ಸೊಂಟ ಸೀಳಿದ ಹಾಗೆ ನೋವು ಬಂದಾಗ ಬೆನ್ನಿನ ಬುಡವನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯುವುದು. ಮಲಗೇ ಇರಬೇಡಿ, ಎದ್ದು ನಾಲ್ಕು ಹೆಜ್ಜೆ ಹಾಕಿ ಅನ್ನುವುದು. ಗುಟುಕು ಗುಟುಕಾಗಿ ನೀರು ಕುಡಿಸುವುದು, ಮೂತ್ರಕ್ಕೆ ಹೋಗಿ ಬನ್ನಿ ಅಂತ ನೆನಪಿಸುವುದು. ಡಾಕ್ಟರ್ ಬಂದು ಏನೋ ಹೇಳಿ ಹೋದರೆ, ಅದು ಅರ್ಥವಾಗದಿದ್ದರೆ, ಮತ್ತೆ ಕೇಳೋಣ ಅಂತ ಧೈರ್ಯ ಕೊಡುವುದು.

ಹಿಂದೆ ಊರಿನ ಸೂಲಗಿತ್ತಿ ಇದನ್ನೂ ಮಾಡುತ್ತಿದ್ದರು. ನೋವು ಕಾಣಿಸಿಕೊಂಡಾಗ ಬಂದರೆ, ಮಗುವಿನ ಹೊಕ್ಕುಳಬಳ್ಳಿ ಕತ್ತರಿಸಿ ಬಾಣಂತಿಗೆ ಎರೆಯುವವರೆಗೂ ಹೋಗುತ್ತಿರಲಿಲ್ಲ. 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡದ ಸೂಲಗಿತ್ತಿ ನರಸಮ್ಮ ಅಂಥವರಲ್ಲೊಬ್ಬರು. ಹೆರಿಗೆ ಆಸ್ಪತ್ರೆಗೆ ಹೋಯಿತು, ಎಷ್ಟೋ ತಾಯಂದಿರ, ಮಕ್ಕಳ ಜೀವ ಉಳಿಯಿತು. ಇದರಲ್ಲಿ ಎರಡು ಮಾತಿಲ್ಲ. ಆದರೆ ಪಕ್ಕದಲ್ಲೇ ಕೂತಿರುವ ಜೀವವೊಂದು ಹೊರಗೇ ಉಳಿದುಬಿಟ್ಟಿತು. ಒಂದೇ ಸಲ ಮೂರ್ನಾಲ್ಕು ಜನರನ್ನು ನೋಡಿಕೊಳ್ಳುವ ಸಿಸ್ಟರ್‌ಗೆ ಮನಸ್ಸಿದ್ದರೂ ನಿಮ್ಮೊಬ್ಬರ ಹತ್ತಿರವೇ ಕೂರಲು ಆಗುವುದಿಲ್ಲ.

ಪಕ್ಕದಲ್ಲಿ ಒಬ್ಬರು ಇದ್ದರೆ ನಿಜಕ್ಕೂ ಏನಾದರೂ ಆಗುತ್ತದಾ? ಆಗುತ್ತದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2017ರಲ್ಲಿ ಹಲವು ದೇಶಗಳ 26 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರ ಲೆಕ್ಕ ಅದರಲ್ಲಿತ್ತು. ಹೆರಿಗೆಯುದ್ದಕ್ಕೂ ಜೊತೆಗೆ ಯಾರಾದರೂ ಇದ್ದವರಲ್ಲಿ ಸಹಜ ಹೆರಿಗೆ ಜಾಸ್ತಿ, ಸಿಸೇರಿಯನ್ ಕಡಿಮೆ. ನೋವಿನ ಅವಧಿಯೂ ಸ್ವಲ್ಪ ಕಡಿಮೆ. ಹೆರಿಗೆ ಬಗ್ಗೆ ಕಹಿ ನೆನಪು ಉಳಿದವರೂ ಕಡಿಮೆ. ನಮ್ಮ ರಾಜ್ಯದಲ್ಲಿ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರಕ್ಕೆ ಮೂವತ್ತಕ್ಕೂ ಹೆಚ್ಚು ಹೆರಿಗೆಗಳು ಸಿಸೇರಿಯನ್. ಹಾಗಿರುವಾಗ ಇದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ.

ನಿಮ್ಮ ಅಮ್ಮನಿಗೆ ಇಷ್ಟವಾಗದ ಒಂದು ಮಾತೂ ಆ ಲೆಕ್ಕದಲ್ಲಿದೆ. ಸಿಸೇರಿಯನ್ ಇಳಿದದ್ದು ಮುಖ್ಯವಾಗಿ ತರಬೇತಿ ಪಡೆದ, ಮನೆಯವರೂ ಅಲ್ಲದ ಆಸ್ಪತ್ರೆಯವರೂ ಅಲ್ಲದ ಹೆಂಗಸು ಜೊತೆಗಿದ್ದಾಗ. ಕಾರಣ ಊಹಿಸುವುದು ಕಷ್ಟವಲ್ಲ. ಮಗಳು ನರಳುವುದನ್ನು ನೋಡುತ್ತಾ ಗಟ್ಟಿಯಾಗಿ ಕೂರುವುದು ತಾಯಿಗೆ ಸುಲಭವಲ್ಲ. ಅಮ್ಮ ಕಣ್ಣೀರು ಹಾಕಿದರೆ ಮಗಳ ಭಯ ದುಪ್ಪಟ್ಟು. ಭಯ ಹೆಚ್ಚಾದಾಗ ದೇಹದಲ್ಲಿ ಅಡ್ರಿನಲಿನ್ ಅನ್ನುವ ಹಾರ್ಮೋನ್ ಏರುತ್ತದೆ. ಗರ್ಭಕೋಶವನ್ನು ಹಿಂಡಿಸುವ ಹಾರ್ಮೋನ್ ಆಕ್ಸಿಟೋಸಿನ್‌ಗೆ ಅದು ಅಡ್ಡಗಾಲು ಹಾಕುತ್ತದೆ. "ಆಪರೇಷನ್ನೇ ಮಾಡಿಬಿಡಿ ಡಾಕ್ಟ್ರೇ, ನಮ್ಮ ಹುಡುಗಿಗೆ ತಡೆಯೋಕಾಗ್ತಿಲ್ಲ" ಎಂದು ಮೊದಲು ಹೇಳುವವರು ಎಷ್ಟೋ ಸಲ ಮನೆಯವರೇ.

ಹಾಗಂತ ಮನೆಯವರು ಬೇಡ ಅಂತಲ್ಲ. ಯಾರು ಅನ್ನುವುದನ್ನು ಯೋಚಿಸಿ ಆರಿಸಿ. ನನ್ನ ಪ್ರಕಾರ ಅಮ್ಮನಿಗಿಂತ ಚಿಕ್ಕಮ್ಮನೋ, ಅಕ್ಕನೋ, ಅತ್ತಿಗೆಯೋ ಈ ಕೆಲಸಕ್ಕೆ ಹೆಚ್ಚು ಹೊಂದುತ್ತಾರೆ. ಹೆತ್ತ ಅನುಭವ ಇರಬೇಕು, ರಕ್ತ ನೋಡಿದರೆ ತಲೆ ತಿರುಗಬಾರದು, "ನನ್ನ ಕಾಲದಲ್ಲಿ ಏನಾಯ್ತು ಗೊತ್ತಾ" ಅಂತ ಹೆದರಿಸುವ ಕಥೆ ಶುರು ಮಾಡಬಾರದು. ಚೊಚ್ಚಲಲ್ಲಿ ಗರ್ಭಕೋಶದ ಬಾಯಿ ಐದು ಸೆಂಟಿಮೀಟರ್ ತೆರೆದ ಮೇಲೂ ಹನ್ನೆರಡು ಗಂಟೆವರೆಗೆ ಹಿಡಿಯಬಹುದು. ಅದಕ್ಕೂ ಮುಂಚಿನ ನೋವು ಬೇರೆ. ಅಷ್ಟು ಹೊತ್ತು ಕೂರಲು ಬಿಡುವಿರುವವರು ಬೇಕು. ಅಡಿಕೆ ಕೊಯ್ಲಿನ ಹೊತ್ತಿಗೆ ನಿಮ್ಮ ದಿನ ಬಂದರೆ ಮನೆಯಲ್ಲಿ ಆಳುಕಾಳಿನ ಅಡುಗೆ, ಸುಲಿಯುವ ಕೆಲಸ. ಅಂಥ ಸಮಯದಲ್ಲಿ ಯಾರನ್ನು ಬಿಡಿಸಿಕೊಳ್ಳಬಹುದು ಎಂದು ಈಗಲೇ ಮಾತಾಡಿಕೊಳ್ಳಿ.

ಆ ಒಬ್ಬರು ಸಿಕ್ಕರೆ ಕೊನೆಯ ಎರಡು ತಿಂಗಳ ಚೆಕಪ್‌ಗೆ ಅವರನ್ನೂ ಕರೆದುಕೊಂಡು ಹೋಗಿ. ಡಾಕ್ಟರ್, ಸಿಸ್ಟರ್ ಇಬ್ಬರಿಗೂ ಮುಖ ಪರಿಚಯ ಇರಲಿ. ಸೊಂಟ ಒತ್ತುವುದು, ಉಸಿರು ನಿಧಾನವಾಗಿ ಬಿಡುವುದು, ಗೋಡೆಗೆ ಒರಗಿ ನಿಲ್ಲುವುದು ಇವನ್ನು ಇಬ್ಬರೂ ಮನೆಯಲ್ಲೇ ಅಭ್ಯಾಸ ಮಾಡಿ. ಡೌಲಾಗಳಲ್ಲಿ ಕೆಲವರು ಹೆರಿಗೆಗೆ ಬರದೆ ಬರೀ ತರಗತಿ ಮಾಡುವುದೂ ಉಂಟು. ಗಂಡನೂ ಚಿಕ್ಕಮ್ಮನೂ ಜೊತೆಗೆ ಕೂತು ಅಂಥದ್ದೊಂದು ತರಗತಿ ಕೇಳಿದರೆ ಆ ದುಡ್ಡು ದಂಡವಲ್ಲ.

ಅಂಥವರು ಯಾರೂ ಇಲ್ಲದಿದ್ದರೆ, ಅಥವಾ ನಿಮಗೆ ಹೆರಿಗೆ ಅಂದರೆ ನಿದ್ದೆ ಬಾರದಷ್ಟು ಭಯ ಇದ್ದರೆ, ಡೌಲಾ ಇಟ್ಟುಕೊಳ್ಳಿ. ಅದು ಶೋಕಿಯಲ್ಲ, ಅಮ್ಮನಿಗೆ ಮಾಡುವ ಅವಮಾನವೂ ಅಲ್ಲ. ಆದರೆ ಕೆಲವು ವಿಷಯ ಮೊದಲೇ ಇತ್ಯರ್ಥವಾಗಲಿ. ನರ್ಸ್‌ಗೆ ಇರುವ ಹಾಗೆ ಡೌಲಾಗೆ ಸರ್ಕಾರದ ನೋಂದಣಿ ಇಲ್ಲ. ಹಾಗಾಗಿ ತರಬೇತಿ ಎಲ್ಲಿ ಆಯ್ತು, ಎಷ್ಟು ಹೆರಿಗೆಗೆ ಹೋಗಿದ್ದೀರಿ, ಹಿಂದೆ ನೀವು ಜೊತೆಗಿದ್ದ ತಾಯಂದಿರ ಹತ್ತಿರ ಮಾತಾಡಬಹುದಾ ಎಂದು ಕೇಳಲು ಸಂಕೋಚ ಬೇಡ. ಹೇಳಿದ ದಿನಾಂಕಕ್ಕೆ ಸರಿಯಾಗಿ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಮಾತ್ರ. ಆ ದಿನಾಂಕದ ಹಿಂದಿನ, ಮುಂದಿನ ಎರಡು ವಾರ ನೀವು ಫೋನ್ ಮಾಡಿದ ಕೂಡಲೇ ಡೌಲಾ ಬರುವಂತಿರಬೇಕು. ಬೆಂಗಳೂರಿನಿಂದ ಬರುವುದಾದರೆ ಸುಮಾರು 300 ಕಿಲೋಮೀಟರ್ ದಾರಿ. ಬಾರದಿದ್ದರೆ ಬದಲಿಗೆ ಯಾರು, ಓಡಾಟದ ಖರ್ಚು ಯಾರದ್ದು, ಸಿಸೇರಿಯನ್ ಆದರೆ ಫೀಸು ಹೇಗೆ, ಇದೆಲ್ಲ ಬರೆದಿಟ್ಟುಕೊಳ್ಳಿ. ಫೋನಿನಲ್ಲೇ ಜೊತೆಗಿರುತ್ತೇನೆ ಅನ್ನುವವರೂ ಇದ್ದಾರೆ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ಊರಿನಿಂದ ಅದನ್ನು ನಂಬಿ ಹೊರಡಬೇಡಿ.

ಡಾಕ್ಟರ್ ಮಾತು ಕೇಳಬೇಡಿ, ಮನೆಯಲ್ಲೇ ಹೆರಿಗೆ ಮಾಡಿಕೊಳ್ಳಿ ಅನ್ನುವವರು ಡೌಲಾ ಆಗಲಿ ಬೇರೆ ಯಾರೇ ಆಗಲಿ, ಅಲ್ಲಿಗೇ ಕೈಮುಗಿದು ಕಳಿಸಿ. ಹೆರಿಗೆ ನಂತರ ರಕ್ತ ಹರಿಯಲು ಶುರುವಾದರೆ ಗಂಟೆಗಳಲ್ಲೇ ಜೀವಕ್ಕೆ ಕುತ್ತು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ಮಳೆಯಲ್ಲಿ ದಾರಿಗೆ ಮರ ಬಿದ್ದರೆ ಎಷ್ಟು ಹೊತ್ತೋ. ಮಳೆಗಾಲದ ಹೆರಿಗೆಯಾದರೆ ಕೊನೆಯ ಎರಡು ವಾರ ಶಿವಮೊಗ್ಗದಲ್ಲೇ ನೆಂಟರ ಮನೆಯಲ್ಲಿ ಇರುವುದು ಒಳ್ಳೆಯದು. ಮಗು ಒದೆಯುವುದು ಕಡಿಮೆಯಾದರೆ, ನೀರು ಒಡೆದರೆ, ರಕ್ತ ಕಂಡರೆ, ತಲೆ ಸಿಡಿದು ಕಣ್ಣು ಮಂಜಾದರೆ ಡೌಲಾಗೆ ಫೋನ್ ಮಾಡುತ್ತಾ ಕೂರಬೇಡಿ. ನೇರ ಆಸ್ಪತ್ರೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಮೊದಲೇ ದಿನ ಗೊತ್ತುಮಾಡಿದ ಸಿಸೇರಿಯನ್ ಆಗಿದ್ದರೆ ನಾನು ಡೌಲಾಗೆ ಖರ್ಚು ಮಾಡಿ ಅನ್ನುವುದಿಲ್ಲ. ಆ ದುಡ್ಡು ಬಾಣಂತನಕ್ಕೆ ಇರಲಿ. ಹೊಲಿಗೆಯ ನೋವಿನಲ್ಲಿ ಮಗುವನ್ನು ಎತ್ತಿ ಎದೆಗೆ ಹಿಡಿಸುವವರು, ರಾತ್ರಿ ಬಟ್ಟೆ ಬದಲಿಸುವವರು, ನಿಮಗೆ ಹೊತ್ತಿಗೆ ಸರಿಯಾಗಿ ಬಿಸಿ ಊಟ ಕೊಡುವವರು ಬೇಕು. ಇಲ್ಲಿ ನಿಮ್ಮ ಅಮ್ಮನನ್ನು ಮೀರಿಸುವವರು ಯಾರೂ ಇಲ್ಲ. ಅವರೊಬ್ಬರ ಮೇಲೇ ಎಲ್ಲ ಬೀಳದ ಹಾಗೆ ಮನೆಗೆಲಸಕ್ಕೆ ಒಬ್ಬರನ್ನು ಗೊತ್ತುಮಾಡಿ.